ತೊಂಬತ್ತಮೂರನೆಯ ಕ್ಯಾಸೆಟ್

ಹಲಸೂರು

ಸಂಗೀತ ಗ್ರಂಥಪಾಲಕರ ಸಂಘದ ಕಾರ್ಯದರ್ಶಿ ಬೃಂದಾ ಅವರಿಗೆ,

ಯಜಮಾನರು ತೀರಿಕೊಂಡ ಮೇಲೆ ಕ್ಯಾಸೆಟ್ ಸಮಿತಿಯಲ್ಲಿ ಉಳಿದವಳು ನಾನೊಬ್ಬಳೇ. ಅದನ್ನು ಕ್ಯಾಟಲಾಗ್ ಸಮಿತಿಗೆ ಸೇರಿಸಲು ನನ್ನ ಒಪ್ಪಿಗೆಯಿದೆ.

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಅವರು ಮೊದಲು ಮೈಕಿನಲ್ಲಿ ಸಂಖ್ಯೆ, ರಾಗ ಹೇಳಿ ಸೇರಿಸುತ್ತಿದ್ದರು. ನಾನು ಕೇಳಿ, ಬೇಡದ ಮಾತು ಕತ್ತರಿಸಿ, ಸರಿಯಿದೆಯೆಂದು ಸಹಿ ಹಾಕುತ್ತಿದ್ದೆ. ಈಗ ಒಂದೇ ಬಾಕಿ. ಅದರಲ್ಲಿ "ತೊಂಬತ್ಮೂರು, ಕಾಂಬೋಧಿ" ಎಂದವರು, "ಧನೂ, ಇದೊಂದ್ ಮುಗಿಸ್ಬಿಟ್ಟು ಮಾಸ್ಕ್ ರೋಡಲ್ಲಿ ಟೀ ಕುಡಿಯೋಣ ಕಣೇ" ಎನ್ನುತ್ತಾರೆ.

"ಪರಿಶೀಲನೆ ನಡೆಯುತ್ತಿದೆ" ಎಂದು ಮೂರು ತಿಂಗಳು ವರದಿ ಕೊಟ್ಟೆ. ಆ ಮಾತು ದಾಟಿ ಹಾಡಿನವರೆಗೆ ನಾನು ಹೋಗಿಯೇ ಇಲ್ಲ.

ದಯವಿಟ್ಟು ಬೇರೆಯವರಿಂದ ಸಹಿ ಹಾಕಿಸಿ. ಆ ಮಾತನ್ನು ಮಾತ್ರ ಕತ್ತರಿಸಬೇಡಿ. ಕತ್ತರಿಸಲೇಬೇಕೆಂಬ ನಿಯಮ ಬರೆದವಳು ನಾನೇ.

ಕ್ಯಾಸೆಟ್ ಸಮಿತಿಯ ಪರವಾಗಿ,
ಧನಲಕ್ಷ್ಮಿ