ತೆಂಗಿನ ಬೇರು ಹೊಕ್ಕ ಪೈಪು

ಅಪ್ಪಾ,

ಬಚ್ಚಲಿಗೆ ನೀರು ಸುರಿದರೆ ಪಾಯಖಾನೆ ಗುಳುಗುಳು ಎನ್ನುತ್ತದೆ. ಅಜ್ಜಿ, "ಯಾರದೋ ಕಣ್ಣು ಬಿದ್ದದೆ" ಎಂದು ಮೆಣಸು ಸುಟ್ಟಳು. ಈಗ ಮನೆಯಲ್ಲಿ ಎರಡು ವಾಸನೆ.

ನಾನು ಮುಚ್ಚಳ ತೆಗೆದು ನೋಡಿದೆ. ಪಾಯಖಾನೆಯ ನೀರು ಮೊದಲು ಬೀಳುವ ಗೋಡೆಯ ಬದಿಯ ಚೇಂಬರ್ ತುಂಬಿದೆ, ತೆಂಗಿನ ಮರದಾಚೆಯ ಇಂಗುಗುಂಡಿ ಖಾಲಿ ಇದೆ. ಅಂದರೆ ಕಟ್ಟಿಕೊಂಡಿರುವುದು ನಡುವಿನ ಪೈಪು. ಗುಂಡಿಯ ಕಡೆಯ ಅದರ ಬಾಯಲ್ಲಿ ಎಳೆಗಳು ಕಾಣುತ್ತವೆ, ನಿನ್ನ ತೆಂಗಿನ ಮರದ ಬೇರು ಒಳಗೆ ಹೊಕ್ಕಿದೆ. ಮರ ಅಷ್ಟು ಕಾಯಿ ಬಿಡುವುದು ನಿನ್ನ ಕೈಗುಣದಿಂದಲ್ಲ.

ಆಸಿಡ್ ಸುರಿಯಬೇಡ. ಅಗೆದು ಬೇರು ಕಡಿಯಬೇಕು, ಒಡೆದ ಪೈಪು ಬದಲಿಸಬೇಕು. ಅವರ್ಸಾದಿಂದ ಪ್ಲಂಬರ್ ಸುನಿಲ ಇವತ್ತೇ ಬರುತ್ತಾನೆ. "ತಂತಾನೇ ಇಳೀತದೆ ಬಿಡು" ಎಂದು ಅವನನ್ನು ವಾಪಸು ಕಳಿಸಬೇಡ.

ಸಂಜೆ ಕುಸುಮಕ್ಕ ಕೂಸಿನೊಂದಿಗೆ ಆಸ್ಪತ್ರೆಯಿಂದ ಬರುತ್ತಾಳೆ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಅವಳು ಪಕ್ಕದ ಮನೆಯ ಪಾಯಖಾನೆಗೆ ನಡೆಯಬಾರದು. ಮರ ಒಣಗಿದರೆ ಒಣಗಲಿ.

ಕವಿತಾ