ಊದದ ಬೆಂಕಿಕಡ್ಡಿ

ಮಾನ್ಯ ಮರಣ ವಿಚಾರಣಾಧಿಕಾರಿಗಳೇ,

ಸೊಂಟಕ್ಕೆ ಹಗ್ಗದ ತುಂಡು ಬಿಗಿದುಕೊಂಡವನೊಬ್ಬ ಕನಸಿನಲ್ಲಿ ನಮ್ಮ ನೂಡಲ್ ಅಂಗಡಿಯ ಬಾಗಿಲಿಗೆ ಬರುತ್ತಾನೆ. ಮೈಯೆಲ್ಲ ನೀರು. ಒಳಗೆ ಬಾ ಎಂದರೆ, "ನಂಗೆ ಜಾಗ ಇದೆಯಾ, ಕೇಳ್ಕೊಂಡು ಬಾ" ಅನ್ನುತ್ತಾನೆ. ಯಾರನ್ನು ಕೇಳಲಿ? ನಿಮ್ಮನ್ನೇ ಕೇಳುತ್ತಿದ್ದೇನೆ.

ಅವನು ನನ್ನ ಮುತ್ತಜ್ಜನ ತಮ್ಮ, ಮಾ ಸೂನ್‌ಹಿಂಗ್. ತಾನಾಗಿಯೇ ಫ್ರೇಸರ್ ನದಿಗೆ ಹಾರಿ ಸತ್ತನೆಂದು ನಿಮ್ಮ ಕಚೇರಿಯ ಹಳೆಯ ಕಡತ ಹೇಳುತ್ತದೆ. ಹಾರಲಿಲ್ಲ, ಸ್ವಾಮಿ. ರೈಲುದಾರಿಗಾಗಿ ನದಿದಂಡೆಯ ಬಂಡೆ ಸೀಳಲು, ಚೀನಾದಿಂದ ಕೂಲಿಗೆ ಬಂದ ನಮ್ಮವರನ್ನು ಹಗ್ಗದಲ್ಲಿ ಇಳಿಬಿಟ್ಟು ಸಿಡಿಮದ್ದು ತುಂಬಿಸುತ್ತಿದ್ದ ಕಾಲ. ಮೇಲೆ ಹಗ್ಗ ಹಿಡಿದಿದ್ದವನು ನನ್ನ ಮುತ್ತಜ್ಜ. ಹಗ್ಗ ಸವೆದಿದೆ ಎಂದು ಮೇಸ್ತ್ರಿಗೆ ಬೆಳಿಗ್ಗೆಯೇ ಹೇಳಿದ್ದ. ಹಗ್ಗ ಹರಿಯಿತು.

ವಿಚಾರಣೆಯಲ್ಲಿ ಮುತ್ತಜ್ಜನ ಕೈಗೆ ಉರಿಯುವ ಬೆಂಕಿಕಡ್ಡಿ ಕೊಟ್ಟು, ಊದಿ ಆರಿಸು, ಇದೇ ನಿಮ್ಮವರ ಆಣೆ ಎಂದರಂತೆ. ನಮ್ಮವರಲ್ಲಿ ಸಾವಿನ ಮಾತಿಗೆ ಹುಂಜದ ಕತ್ತು ಕುಯ್ದು ಆಣೆ ಇಡುತ್ತಾರೆ. ಸುಳ್ಳಾಡಿದರೆ ನನಗೂ ಇದೇ ಗತಿ ಎಂದು. ಮುತ್ತಜ್ಜ ಹುಂಜ ಕೇಳಿದ.

"ಹುಂಜನಾ? ಆಮೇಲೆ ಸಾರು ಮಾಡ್ಕೊಂಡು ತಿನ್ನೋಕಾ?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಅವನು ಕಡ್ಡಿ ಊದಲಿಲ್ಲ. ಬೆರಳು ಸುಡುವವರೆಗೂ ಹಿಡಿದು ನಿಂತಿದ್ದನಂತೆ. 'ಆಣೆಯ ಅರ್ಥ ತಿಳಿಯದವನು' ಎಂದು ಬರೆದು, ಸಾಕ್ಷಿ ಕೇಳದೆಯೇ ಕಳಿಸಿಬಿಟ್ಟರು. ಒಡಹುಟ್ಟಿದವನನ್ನು ಕಳೆದುಕೊಂಡವನಿಗೆ ತಿಳಿಯದ ಅರ್ಥ, ನಕ್ಕವರಿಗೆ ತಿಳಿದಿತ್ತೆ? ಅಷ್ಟು ದೊಡ್ಡ ಸರ್ಕಾರಕ್ಕೆ ಒಂದು ಹುಂಜ ಭಾರವಾಯಿತೆ?

ತಾನಾಗಿ ಸತ್ತವನ ಹೆಸರನ್ನು ನಮ್ಮ ಕುಲದ ಹಿರಿಯರಿಗೆ ಅನ್ನವಿಟ್ಟು ಪೂಜಿಸುವ ಹಲಗೆಗೆ ಸೇರಿಸುವುದಿಲ್ಲ. ನಿಮ್ಮ ಮೊಹರು ನಂಬಿ ನಮ್ಮವರೂ ಅವನನ್ನು ಹೊರಗಿಟ್ಟರು. ಹಗ್ಗ ಹಿಡಿದವನು ತನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದಾನೆ ಎಂದೂ ಆಡಿಕೊಂಡರು. ಮುತ್ತಜ್ಜ ಆ ಮಾತನ್ನು ಹೊತ್ತುಕೊಂಡೇ ಮುದುಕನಾದ. ಅವನ ತೊಡೆಯ ಮೇಲೆ ಕೂತು ಇದನ್ನೆಲ್ಲ ಕೇಳಿದ ನನ್ನ ಸೋದರತ್ತೆ ಈಗ ಹಾಸಿಗೆ ಹಿಡಿದಿದ್ದಾರೆ.

"ಚಿಕ್ಕಜ್ಜನಿಗೆ ಒಂದು ಬಟ್ಟಲು ಅನ್ನ ಇಡದೆ ನಾ ಹೋದ್ರೆ, ಅಲ್ಲಿ ಅಜ್ಜ ಮೊದ್ಲು ಅದನ್ನೇ ಕೇಳ್ತಾನೆ ಕಣೇ ಯೋಕ್‌ಲಿನ್. ಏನು ಹೇಳ್ಲಿ? ಕಚೇರಿಗೆ ರಜ ಇತ್ತು ಅಂತ ಹೇಳ್ಲಾ?"

"ಬರೀತಾ ಇದ್ದೀನಿ, ಅತ್ತೆ."

"ನಿನ್ನ ಅಕ್ಷರ ಓದೋಕೆ ಅವ್ರು ಇನ್ನೊಂದು ವಿಚಾರಣೆ ಕರೀಬೇಕು!"

ನಗಿಸಲಿಕ್ಕೆಂದೇ ಅಂದರು. ನನಗೆ ನಗು ಬರಲಿಲ್ಲ. ಶಾಲೆ ಅರ್ಧಕ್ಕೇ ಬಿಟ್ಟವಳು ನಾನು. ತಪ್ಪು ಬರೆದು ಇದೂ ಕಸದ ಬುಟ್ಟಿ ಸೇರುತ್ತದೇನೋ ಎಂದು ಮೂರು ಸಲ ಹರಿದು ಬರೆದಿದ್ದೇನೆ. 'ಹೊಸ ಪುರಾವೆ ಇಲ್ಲ' ಎಂದು ಹೋದ ಸಲ ಉತ್ತರಿಸಿದಿರಿ. ಹೊಸದು ಏಕೆ ಬೇಕು? ಹೆಣದ ಸೊಂಟದಲ್ಲಿ ಹಗ್ಗದ ತುಂಡಿತ್ತು ಎಂದು ನಿಮ್ಮ ಕಡತವೇ ಹೇಳುತ್ತದಲ್ಲ. ಸಾಯಲು ಹಾರುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾನೆಯೇ?

ತೀರ್ಪು ತಿದ್ದಿ. ಅತ್ತೆಗೆ ಕಿವಿ ಕೇಳಿಸುವಾಗಲೇ ತಿದ್ದಿ.

ಇಂತಿ,
ಯಾವ ಆಣೆ ಇಟ್ಟರೆ ನೀವು ನಂಬುವಿರೋ ತಿಳಿಯದ,
ಮಾ ಯೋಕ್‌ಲಿನ್

ಮರೆತಿದ್ದೆ: ಹಗ್ಗದ ಆ ಸಾಲಿನ ಕೊನೆ ನನಗೆ ಕಳಿಸಿದ ನಕಲಿನಲ್ಲಿ ಮಸುಕಾಗಿದೆ. ಮೂಲ ಪ್ರತಿ ನಿಮ್ಮಲ್ಲೇ ಇದೆ. ಹಗ್ಗದ ತುದಿ ಹೇಗಿತ್ತೆಂದು ಬರೆದಿದ್ದಾರೆ, ಸವೆದು ಹರಿದಂತೆಯೋ, ಕೊಯ್ದಂತೆಯೋ? ದಯವಿಟ್ಟು ಇನ್ನೊಮ್ಮೆ ನೋಡಿ.