ಮುಂದು ಎಂದರೆ ಮೊದಲು

ಅಣ್ಣಾ,

ನೀನು ಹೋದಮೇಲೆ ವಿಶಾಖಪಟ್ಟಣದಲ್ಲಿ ನಿಂತೇ ಇದ್ದ ನಿನ್ನ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರನ್ನು ವಿಜಯವಾಡಕ್ಕೆ ತರಿಸಿಕೊಂಡೆ. ಕಿಡಿ ಸರಿಯಾಗಿ ಹಾರುತ್ತಿರಲಿಲ್ಲ. ಗವರ್ನರ್‌ಪೇಟೆಯ ಮೆಕ್ಯಾನಿಕ್ ಸೂರಿಬಾಬು ಎರಡು ದಾರಿ ಹೇಳಿದ: ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೇ ಡಿಸ್ಟ್ರಿಬ್ಯೂಟರ್ ಉಳಿಸಿಕೊಂಡು ಜೋರಾದ ಕಾಯಿಲ್ ಹಾಕುವುದು, ಇಲ್ಲವೇ ಅದನ್ನು ಕಿತ್ತು ನಾಲ್ಕು ಪ್ಲಗ್ಗಿಗೂ ಒಂದೊಂದು ಕಾಯಿಲ್ ಕೊಡುವುದು. ನೀನು ಟೈಮಿಂಗಿಗೆಂದು ಅರದಿಂದ ಗೀಚಿದ ಗುರುತು ಆ ಡಿಸ್ಟ್ರಿಬ್ಯೂಟರ್ ಮೇಲಿತ್ತಲ್ಲ, ಉಳಿಸು ಎಂದೆ. ಹಳೆಯದನ್ನು ಎಸೆಯುವುದನ್ನೇ ಸುಧಾರಣೆ ಎನ್ನುವ ಈ ಕಾಲದ ಮೇಲೆ ನನ್ನ ಹರಕು ತೆಲುಗಿನಲ್ಲಿ ಭಾಷಣವನ್ನೂ ಬಿಗಿದೆ. ಅವನಿಗೆ ಎಷ್ಟು ಅರ್ಥವಾಯಿತೋ.

ನಿನ್ನೆ ನಾನು ಕೆಲಸದಲ್ಲಿದ್ದಾಗ ಬ್ಯಾಂಕಿಗೆ ಫೋನ್ ಮಾಡಿದ. "ಮುಂದು ಪಾತದಿ ತೀಸೇಸ್ತಾನಂಡಿ." ಹಳೆಯದನ್ನು ಮುಂದೆಂದಾದರೂ ತೆಗೆಯೋಣ ಎನ್ನುತ್ತಿದ್ದಾನೆಂದು ತಿಳಿದು, ನೆಮ್ಮದಿಯಿಂದ "ಸರೇ" ಎಂದೆ.

ತೆಲುಗಿನ ಮುಂದು ನಮ್ಮ ಮೊದಲು, ಅಣ್ಣಾ. ಸಂಜೆ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಡಿಸ್ಟ್ರಿಬ್ಯೂಟರ್ ಗುಜರಿಯವನ ಗಾಡಿ ಹತ್ತಿ ಹೋಗಿತ್ತು. ಇಬ್ಬರೂ ಹುಡುಕಿದೆವು, ಸಿಗಲಿಲ್ಲ. "ನೀವೇ ಸರೇ ಅಂದ್ರಲ್ಲಾ ಸಾರ್" ಎಂದು ಅವನು ಮುಖ ಸಣ್ಣದು ಮಾಡಿಕೊಂಡ.

ಆಮೇಲೆ, ನಾಲ್ಕು ಹೊಸ ಕಾಯಿಲ್ ಕೂರಿಸಿದ್ದ ಕಾರಿನ ಕೀಲಿ ತಿರುಗಿಸಿದ. ನಿನ್ನ ಕೈಯಲ್ಲೂ ಅದು ಎಂದೂ ಅಷ್ಟು ಸಲೀಸಾಗಿ ಸ್ಟಾರ್ಟ್ ಆಗಿರಲಿಲ್ಲ. ಬೈಯಲೆಂದು ಬಾಯಿ ತೆರೆದವನು "ಇನ್ನೊಮ್ಮೆ ತಿರುಗಿಸು" ಎಂದೆ.